ಮಕ್ಕಳಿಗೆ ಕೂಡಿ ಮಾಡುವ ಕೆಲಸ ಕೊಡಿ

ಕೆಲವು ಶಾಲೆಗಳಲ್ಲಿ ಮಕ್ಕಳು ಬಿಸಿಯೂಟಕ್ಕೂ ಕೇರಿವಾರು ಗುಂಪಾಗಿ ಕೂರುತ್ತಿರುವ ಸುದ್ದಿ ಓದಿ ನೋವಾಯಿತು. ಪಕ್ಕಪಕ್ಕ ಕೂರಿಸಿದ ಮಾತ್ರಕ್ಕೆ ಈ ಅಂತರ ಅಳಿಯದು.

1954ರಲ್ಲಿ ಅಮೆರಿಕದ ಒಕ್ಲಹೋಮಾದ ಶಿಬಿರವೊಂದರಲ್ಲಿ ಮನೋವಿಜ್ಞಾನಿ ಮುಜಫರ್ ಶೆರಿಫ್ 22 ಬಾಲಕರನ್ನು ಎರಡು ತಂಡ ಮಾಡಿ ಸ್ಪರ್ಧೆಗಿಳಿಸಿದರು. ಹುಡುಗರು ಎದುರು ತಂಡದ ಬಾವುಟ ಸುಟ್ಟರು. ಒಟ್ಟಿಗೆ ಊಟಕ್ಕೆ ಬಿಟ್ಟರೆ ತಿನಿಸು ಎಸೆದಾಡಿದರು. ಹಗೆ ತಗ್ಗಿದ್ದು, ನಿಂತುಹೋದ ನೀರಿನ ಪೂರೈಕೆಯನ್ನು ಕೂಡಿ ಸರಿಪಡಿಸಿದಾಗ, ಕೆಟ್ಟು ನಿಂತ ಲಾರಿಯನ್ನು ಎಲ್ಲರೂ ಒಂದೇ ಹಗ್ಗ ಹಿಡಿದು ಎಳೆದಾಗ.

ನಲಿ-ಕಲಿ ತರಗತಿಗಳಲ್ಲಿ ಗುಂಪು ಕಲಿಕೆ ಈಗಾಗಲೇ ಇದೆ. ಮೇಲಿನ ತರಗತಿಗಳಲ್ಲೂ ಕೈತೋಟಕ್ಕೆ, ಊಟ ಬಡಿಸಲು ಎಲ್ಲ ಕೇರಿಯ ಮಕ್ಕಳನ್ನು ಬೆರೆಸಿ ಶಿಕ್ಷಕರೇ ತಂಡ ರಚಿಸಲಿ. ಆಯ್ಕೆಯನ್ನು ಮಕ್ಕಳಿಗೇ ಬಿಟ್ಟರೆ ಹಳೆಯ ಗುಂಪುಗಳೇ ಮರಳುತ್ತವೆ. ಶಿಕ್ಷಣ ಇಲಾಖೆ ಈ ಕುರಿತು ಸುತ್ತೋಲೆ ಹೊರಡಿಸಬೇಕು.

– ಓರ್ವ ಪೋಷಕ, ಹಾಸನ