ಗೊತ್ತಾಗದೇ ಹೋದರೆ ಎಂದು ಬರೆದೆಯಲ್ಲ

ನೀರ್ಚಾಲು

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಚೊಚ್ಚಲ ಹೆರಿಗೆಗೆ ತವರಿಗೆ ಬರದೆ ಅಡೂರಿನಲ್ಲೇ ಉಳಿಯುವುದೂ ಅದರ ಕಾರಣಗಳೂ ಮನೆಯವರೆಲ್ಲರಿಗೂ ತಿಳಿದದ್ದೇ. ಆದರೆ ಪತ್ರದ ಕೊನೆಯಲ್ಲಿ "ನೋವು ಬಂದದ್ದು ನನಗೇ ಗೊತ್ತಾಗದೇ ಹೋದರೆ?" ಎಂದು ಬರೆದೆಯಲ್ಲ, ಆ ಒಂದು ಸಾಲು ಎರಡು ದಿನಗಳಿಂದ ನನ್ನನ್ನು ಬಿಟ್ಟಿಲ್ಲ.

ಬಹುಮಟ್ಟಿಗೆ ಗೊತ್ತಾಗುತ್ತದೆ ಮಗಳೇ. ದಿನ ಹತ್ತಿರವಾದಾಗ ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲಾಗುವುದುಂಟು. ಆ ಸುಳ್ಳು ನೋವು ಹೊತ್ತುಗೊತ್ತಿಲ್ಲದೆ ಬಂದು, ನಾಲ್ಕು ಹೆಜ್ಜೆ ನಡೆದರೆ ಅಥವಾ ಮಗ್ಗುಲು ಬದಲಿಸಿದರೆ ಹೋಗುತ್ತದೆ. ನಿಜವಾದ ಹೆರಿಗೆ ನೋವು ಹೆಚ್ಚಾಗಿ ಸೊಂಟದಿಂದ ಹೊರಟು ಮುಂದಕ್ಕೆ ಸುತ್ತಿಕೊಳ್ಳುತ್ತದೆ, ಮಲಗಿದರೂ ನಡೆದರೂ ನಿಲ್ಲುವುದಿಲ್ಲ, ಬರಬರುತ್ತಾ ಬಲವಾಗುತ್ತದೆ. ಪ್ರತಿ ನೋವಿಗೂ ಗರ್ಭಕೋಶದ ಮೇಲ್ಭಾಗ ಬಿಗಿದು ಕೆಳಗಿನ ಬಾಯಿಯನ್ನು ಮೇಲಕ್ಕೆ ಎಳೆಯುತ್ತದೆ. ದಪ್ಪಗಿದ್ದ ಆ ಬಾಯಿ ತೆಳುವಾಗುತ್ತಾ 10 ಸೆಂಟಿಮೀಟರಿನಷ್ಟು ತೆರೆದುಕೊಳ್ಳಬೇಕು. ಮೊದಲ 5 ಸೆಂಟಿಮೀಟರಿಗೆ ಎಷ್ಟು ಹೊತ್ತು ಬೇಕೆಂದು ಯಾರೂ ಹೇಳಲಾರರು. ಅಲ್ಲಿಂದ ಮುಂದೆ ಚೊಚ್ಚಲಿನಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ. ಆದ್ದರಿಂದ ಗುರುತಿಸಲು ಸ್ವಲ್ಪ ತಡವಾದರೂ ಕಾಸರಗೋಡಿನ ಆಸ್ಪತ್ರೆ ಮುಟ್ಟಲು ನಿನಗೆ ಸಾಮಾನ್ಯವಾಗಿ ಸಮಯವಿರುತ್ತದೆ.

ನನಗೆ ಗೊತ್ತಾಗಲಿಲ್ಲವೆಂದೇ ನಾನೂ ಎಲ್ಲರಿಗೂ ಹೇಳುತ್ತಾ ಬಂದೆ. ಅದು ನಿಜವಲ್ಲ. 1986ರ ಆಟಿ ತಿಂಗಳ ಮಳೆಯ ಆ ರಾತ್ರಿ, ನೋವಿಲ್ಲದೆ ಸೀರೆ ಒದ್ದೆಯಾದಾಗ, ನೀರು ಒಡೆದಿರಬೇಕೆಂದು ನನಗೆ ಅನಿಸಿತ್ತು. ತೋಡು ತುಂಬಿ ಹರಿಯುತ್ತಿತ್ತು, ಜಗಲಿಯಲ್ಲಿ ಅಪ್ಪ ಮಲಗಿದ್ದರು. ದೀಪ ಹಚ್ಚಿದರೆ ಅವರು ಏನೆಂದು ಕೇಳುತ್ತಾರೆ, ಇಂಥದ್ದನ್ನು ಹೇಗೆ ಹೇಳುವುದೆಂದು ನಾಚಿ, ಕತ್ತಲಲ್ಲೇ ಸೀರೆ ಬದಲಿಸಿ ಬೆಳಗಿನವರೆಗೆ ಸುಮ್ಮನೆ ಮಲಗಿದೆ. ಬೆಳಕಿನಲ್ಲಿ ನೋಡಿದರೆ ಆ ನೀರು ಹಸುರಾಗಿತ್ತು. ಮಗು ಒಳಗೇ ಮಲ ವಿಸರ್ಜಿಸಿದರೆ ಹಾಗಾಗುತ್ತದೆಂದು ಆಮೇಲೆ ತಿಳಿಯಿತು. ಮುಂದಿನದು ನಿನಗೆ ಗೊತ್ತು. ಅಮ್ಮನನ್ನು ಎಬ್ಬಿಸಿದ್ದರೂ ಆ ಮಳೆಯಲ್ಲಿ ತೋಡಿನ ಮೇಲಿನ ಸಂಕ ದಾಟಲಾಗುತ್ತಿತ್ತೋ ಇಲ್ಲವೋ. ಎಬ್ಬಿಸಲಿಲ್ಲ ಎನ್ನುವುದು ಮಾತ್ರ ನನ್ನಲ್ಲೇ ಉಳಿದಿದೆ.

ಹಾಗಾಗಿ ನಿನಗೆ ಗೊತ್ತಾಗದೇ ಹೋದೀತೆಂಬುದಕ್ಕಿಂತ, ಗೊತ್ತಾದದ್ದನ್ನು ನೀನು ಹೇಳದೇ ಉಳಿದೀಯೆಂದು ನನಗೆ ಹೆದರಿಕೆ. ಸುಮಾರು ಹತ್ತು ಮಂದಿಯಲ್ಲಿ ಒಬ್ಬಳಿಗೆ ನೋವಿಗಿಂತ ಮೊದಲೇ ನೀರು ಒಡೆಯುತ್ತದಂತೆ. ಹಾಗಾದರೆ ನೋವಿಗಾಗಿ ಕಾಯದೆ ಹೊರಡಬೇಕು. ಲೋಳೆಯೊಂದಿಗೆ ಒಂದಿಷ್ಟು ನೆತ್ತರಿನ ಎಳೆ ಕಂಡರೆ ಗಾಬರಿಯಿಲ್ಲ. ನೆತ್ತರೇ ಹರಿದರೆ, ಅಥವಾ ಮಗುವಿನ ಮಿಸುಕಾಟ ಕಡಿಮೆಯಾದರೆ, ಬೆಳಗಾಗಲಿ ಎನ್ನಬೇಡ. ಡಾಕ್ಟರರು ಇದನ್ನೆಲ್ಲ ನನಗಿಂತ ಚೆನ್ನಾಗಿ ಹೇಳಿರುತ್ತಾರೆ, ಬೇಸರಿಸಬೇಡ.

ಬಾಯಿ ಪೂರ್ತಿ ತೆರೆದ ಮೇಲೆ ಮಗುವಿನ ತಲೆ ಕೆಳಗೆ ಒತ್ತಿದಾಗ, ಬೆನ್ನಿಗೆ ನೋವು ತಡೆಯುವ ಮದ್ದು ಕೊಟ್ಟಿರದಿದ್ದರೆ, ಮುಕ್ಕಿ ಕೆಳಗೆ ತಳ್ಳಬೇಕೆಂಬ ಒತ್ತಡ ತಾನಾಗಿ ಬರುತ್ತದೆ. ಅದನ್ನು ಗುರುತಿಸುವ ಚಿಂತೆ ಬೇಡ. ಮಗು ಹುಟ್ಟಿದ ಮೇಲೆ ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳುತ್ತದೆ. ಆಗ ಗರ್ಭಕೋಶ ಗಟ್ಟಿಯಾಗಿ ಬಿಗಿದು ರಕ್ತನಾಳಗಳನ್ನು ಹಿಸುಕಿದರೆ ಮಾತ್ರ ನೆತ್ತರು ನಿಲ್ಲುವುದು. ಎಲ್ಲರೂ ಮಗುವನ್ನು ನೋಡುತ್ತಿರುವ ಆ ಹೊತ್ತಿನಲ್ಲಿ ಕೆಳಗೆ ಒದ್ದೆ ಹೆಚ್ಚಿತೆಂದೋ ಕಣ್ಣು ಕತ್ತಲಿಟ್ಟಿತೆಂದೋ ಅನಿಸಿದರೆ ಆಗಲೂ ಬಾಯಿಬಿಟ್ಟು ಹೇಳು.

ನಿನ್ನ ಅತ್ತೆಯವರು ಪಕ್ಕದ ಕೋಣೆಯಲ್ಲೇ ಮಲಗುತ್ತಾರೆಂದು ಬರೆದಿದ್ದೀಯೆ. ಅವರನ್ನು ಎಬ್ಬಿಸಲು ಸಂಕೋಚವಾದರೆ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು. ನಾನೇ ಅವರಿಗೆ ಫೋನ್ ಮಾಡಿ ಎಬ್ಬಿಸುತ್ತೇನೆ.

ಇತಿ,
ದೊಡ್ಡಮ್ಮ