ಅಪ್ಪನ ಹಳೇ ಫೋನ್ ಮಕ್ಕಳ ಕೈಗೆ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಮನೆಗೆ ಹೊಸ ಫೋನ್ ಬಂದರೆ ಹಳೆಯದು ಮಕ್ಕಳ ಪಾಲು. ಎಷ್ಟು ಹೊತ್ತು ನೋಡಬೇಕೆಂಬ ಜಗಳ ಆಮೇಲೆ ಮನೆಮನೆಯಲ್ಲೂ ಇದ್ದದ್ದೇ. ಆ ಫೋನಿನಲ್ಲಿ ಯಾರ ಖಾತೆ ಇದೆ ಎಂದು ನೋಡುವವರು ಮಾತ್ರ ಕಡಿಮೆ. ಅಪ್ಪನ ಜಿಮೇಲ್ ಹಾಗೇ ಉಳಿದಿದ್ದರೆ, ಗೂಗಲ್ ಲೆಕ್ಕದಲ್ಲಿ ಅದನ್ನು ಹಿಡಿದಿರುವುದು ನಲವತ್ತು ವರ್ಷದ ಗಂಡಸು. ಯೂಟ್ಯೂಬ್, ಪ್ಲೇ ಸ್ಟೋರ್, ಜಾಹೀರಾತು ಎಲ್ಲ ಆ ವಯಸ್ಸಿಗೆ ತಕ್ಕಂತೆ ಬರುತ್ತವೆ.

ಆಂಡ್ರಾಯ್ಡ್ ಫೋನಾದರೆ ಫೋಟೊ, ನಂಬರುಗಳನ್ನು ಹೊಸ ಫೋನಿಗೆ ಸಾಗಿಸಿ, ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಜಿಮೇಲ್ ಖಾತೆ ತೆಗೆಯಿರಿ. ಫ್ಯಾಕ್ಟರಿ ರೀಸೆಟ್ (ಎಲ್ಲ ಅಳಿಸಿ ಫೋನನ್ನು ಹೊಸದರಂತೆ ಮಾಡುವುದು) ಆಮೇಲೆ. ಖಾತೆ ತೆಗೆಯದೆ ಬಟನ್ ಒತ್ತಿ ಹಿಡಿದು ರೀಸೆಟ್ ಮಾಡಿದರೆ ಫೋನ್ ಹಳೇ ಪಾಸ್‌ವರ್ಡ್ ಕೇಳುತ್ತ ಅಲ್ಲೇ ನಿಲ್ಲುತ್ತದೆ. ಅದು ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ!

ಬಳಿಕ ಮಗುವಿನ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಖಾತೆ ತೆರೆಯಿರಿ. 13 ತುಂಬದಿದ್ದರೆ ಗೂಗಲ್ ತಾನಾಗಿಯೇ ಪೋಷಕರ ಖಾತೆ ಕೇಳಿ, ಮಗುವಿನ ಫೋನಿನ ಮೇಲೆ ಪೋಷಕರು ನಿಗಾ ಇಡುವ ಫ್ಯಾಮಿಲಿ ಲಿಂಕ್‌ಗೆ ಜೋಡಿಸುತ್ತದೆ. ಬೇಗ ಮುಗಿಯಲೆಂದು 2000ನೇ ಇಸವಿ ಹಾಕಿದರೆ ಆ ಏರ್ಪಾಡೆಲ್ಲ ದಂಡ. ದಿನದ ಮಿತಿ, ರಾತ್ರಿ ಲಾಕ್, ಹೊಸ ಆ್ಯಪ್‌ಗೆ ಒಪ್ಪಿಗೆ ಎಲ್ಲವೂ ಫ್ಯಾಮಿಲಿ ಲಿಂಕ್‌ನಲ್ಲಿವೆ. ಸೋರುವುದು ಎರಡು ಕಡೆ. ಯೂಟ್ಯೂಬ್ ಆ್ಯಪ್‌ಗೆ ಅರ್ಧ ಗಂಟೆ ಮಿತಿ ಹಾಕಿದರೂ ಅದೇ ಯೂಟ್ಯೂಬ್ ಕ್ರೋಮ್‌ನಲ್ಲಿ ತೆರೆಯುತ್ತದೆ, ಅಲ್ಲೂ ಆ ಸೈಟನ್ನು ತಡೆಯಬೇಕು. ಇನ್ನೊಂದು, ಯಾವುದೋ ಆ್ಯಪ್ ಇಳಿಯಲಿಲ್ಲವೆಂದು ಅಪ್ಪನ ಖಾತೆಯನ್ನು ಅದೇ ಫೋನಿಗೆ ಮತ್ತೆ ಸೇರಿಸುವುದು.

ಮೊದಲ ಎರಡು ಮೂರು ತಿಂಗಳು ಸಿಮ್ ಬೇಡ. ಮನೆಯವರ ಹಾಟ್‌ಸ್ಪಾಟ್ ಸಾಕು, ಅದನ್ನು ಆಫ್ ಮಾಡಿದರೆ ಆಟ ಮುಗಿಯಿತು. ರಾತ್ರಿ ಚಾರ್ಜರ್ ನಡುಮನೆಯಲ್ಲೇ ಇರಲಿ. ಮುಂದೆ ಸಿಮ್ ಹಾಕುವಾಗ, ಬ್ಯಾಂಕಿಗೋ ಆಧಾರ್‌ಗೋ ಕೊಟ್ಟಿರುವ ಹಳೇ ನಂಬರನ್ನು 'ಸುಮ್ಮನೆ ಬಿದ್ದಿದೆ' ಎಂದು ಹಾಕಿಬಿಡಬೇಡಿ. ಒಟಿಪಿ ಬರುವುದು ಆ ನಂಬರಿಗೇ. ದೊಡ್ಡವರ ಫೋನನ್ನು ಆಗಾಗ ಮಕ್ಕಳಿಗೆ ಕೊಡುವವರು ಯುಪಿಐ ಲೈಟ್‌ನತ್ತ ಗಮನವಿಡಲಿ: ಒಮ್ಮೆಗೆ 1,000 ರೂಪಾಯಿವರೆಗೆ ಪಿನ್ ಕೇಳದೆ ಹಣ ಹೋಗುತ್ತದೆ.

ಮಗು ತಾನೇ ವಾಟ್ಸ್‌ಆ್ಯಪ್ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ಶಾಲೆಗಳು ಮೂರನೇ ತರಗತಿಯ ಹೋಂವರ್ಕನ್ನೂ ಅದರಲ್ಲೇ ಕಳಿಸುತ್ತವೆ, ಅದು ಬೇರೆ ಮಾತು. ಆ ಗ್ರೂಪ್ ಅಮ್ಮನ ಫೋನಿನಲ್ಲಿರಲಿ. ಅಮ್ಮನ ವಾಟ್ಸ್‌ಆ್ಯಪನ್ನೇ ಮಗುವಿನ ಫೋನಿಗೆ ಲಿಂಕ್ ಮಾಡಿದರೆ ಬಂಧುಬಳಗದ ಮಾತುಕತೆಯೆಲ್ಲ ಮಗುವಿನ ಮುಂದೆ. 13 ತುಂಬಿದ ಮೇಲೆ ವಾಟ್ಸ್‌ಆ್ಯಪ್ ಕೊಡುವಾಗ ಪ್ರೈವಸಿಯಲ್ಲಿ ಗ್ರೂಪ್ಸ್ ಒತ್ತಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ. ಗುರುತಿಲ್ಲದವರು ಗ್ರೂಪಿಗೆ ಎಳೆಯುವುದು ನಿಲ್ಲುತ್ತದೆ.

ಇಷ್ಟಾದ ಮೇಲೂ ಯಾವುದೋ ಲಿಂಕ್ ಒತ್ತಿ ಹಣ ಹೋದರೆ ಬೈಯುತ್ತ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬೈಗುಳಕ್ಕೆ ಹೆದರಿದ ಮಗು ಸಂಜೆವರೆಗೂ ಬಾಯಿ ಬಿಡುವುದಿಲ್ಲ.

— ಮೊಬೈಲ್ ರಿಪೇರಿ ಅಂಗಡಿಯವರು, ತಿಪಟೂರು