ವೇದಿಕೆ ಬೇಡ, ಜಮಖಾನೆ ಸಾಕು

ಡಿಸೆಂಬರ್ ರಜೆಗೆ ಊರಿಗೆ ಹೊರಡುವವರು ಈಗಾಗಲೇ ಟಿಕೆಟ್ ತೆಗೆಸಿ ಕೂತಿದ್ದಾರೆ. ಪರದೇಶದಲ್ಲಿರುವ ನಮ್ಮ ಬರಹಗಾರರ ಬಳಗದಲ್ಲಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರೇ ಹೆಚ್ಚು. ಆದ್ದರಿಂದ ಈ ವರ್ಷದ ಕಮ್ಮಟ ಇಲ್ಲಿಯ ಬಾಡಿಗೆ ಸಭಾಂಗಣದಲ್ಲಿ ನಡೆಯುವುದಿಲ್ಲ, ಅಲ್ಲಿಯೇ ನಡೆಯುತ್ತದೆ. ಮೂರು ಬೈಠಕ್‌ಗಳು: ಧಾರವಾಡದಲ್ಲಿ ಕಥೆ-ಕವಿತೆ, ಗದಗಿನಲ್ಲಿ ಹಸ್ತಪ್ರತಿಯನ್ನು ಪುಸ್ತಕ ಮಾಡುವ ಕೆಲಸ, ಹಾವೇರಿಯಲ್ಲಿ ಪ್ರಬಂಧ. ಪ್ರತಿ ಬೈಠಕ್‌ಗೆ ಹನ್ನೆರಡೇ ಜನ. ಅದರಲ್ಲಿ ಆರು ಜಾಗ ಊರಿನಲ್ಲೇ ಇದ್ದು ಬರೆಯುವವರಿಗೆ.

ಉದ್ಘಾಟನೆ ಇರುವುದಿಲ್ಲ. ಶಾಲು, ಹಾರ, ನೆನಪಿನ ಕಾಣಿಕೆ ಯಾವುದೂ ಇಲ್ಲ. ಇದು ಜಿಪುಣತನವಲ್ಲ. ಹತ್ತು ಗಂಟೆಗೆ ಕರೆದ ಸಭೆಯಲ್ಲಿ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಮುಗಿಯುವ ಹೊತ್ತಿಗೆ ಹನ್ನೆರಡಾಗುತ್ತದೆ. ಬರೆದುಕೊಂಡು ಬಂದವರಿಗೆ ಊಟದ ಮುಂಚಿನ ಹಸಿವು, ಊಟದ ನಂತರದ ನಿದ್ದೆ ಎರಡರ ನಡುವೆ ತಲಾ ಐದು ನಿಮಿಷ ಸಿಗುತ್ತದೆ. ಧಾರವಾಡದ ಹಳೆಯ ಪದ್ಧತಿ ಹೀಗಿರಲಿಲ್ಲ. ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪಿಗೆ ವೇದಿಕೆ ಇರಲಿಲ್ಲ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಹೆಸರು ಹೇಳಿದರೆ ಸುಭಾಸ ರಸ್ತೆಯ ಅದರ ಕಚೇರಿಯ ಅಟ್ಟವೇ ನೆನಪಿಗೆ ಬರುತ್ತದೆ. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಹೊರಬಿದ್ದದ್ದು ಅಲ್ಲಿಂದಲೇ. ಅಟ್ಟದಲ್ಲಿ ಹಾರ ಹಾಕಿಕೊಂಡು ನಿಲ್ಲುವುದಕ್ಕೆ ಜಾಗವಿರುವುದಿಲ್ಲ, ಕೂತು ಓದುವುದಕ್ಕೆ ಇರುತ್ತದೆ.

ಜಾಗದ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇವೆ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಮಂಗಲ ಕಾರ್ಯಾಲಯಗಳು ಖಾಲಿ, ಸೋವಿಯಲ್ಲಿ ಸಿಗುತ್ತವೆ ಎಂದು ಹಲವರು ಸೂಚಿಸಿದರು. ಬೇಡ. ಮುನ್ನೂರು ಜನರ ಹಾಲ್‌ನಲ್ಲಿ ಹನ್ನೆರಡು ಜನ ಕೂತರೆ ದನಿ ಗುಂಯ್‌ಗುಡುತ್ತದೆ, ಮೈಕ್ ಬೇಕಾಗುತ್ತದೆ. ಮೈಕ್ ಕೈಗೆ ಬಂತೆಂದರೆ ಮಾತು ಭಾಷಣವಾಗುತ್ತದೆ. ಶಾಲೆಯ ಒಂದು ಕೋಣೆ ಅಥವಾ ಯಾರದಾದರೂ ಮನೆಯ ದೊಡ್ಡ ಪಡಸಾಲಿ ಸಾಕು. ಜಮಖಾನೆ ಹಾಸಿ ದುಂಡಗೆ ಕೂಡುವುದು. ಮೊಣಕಾಲು ನೋವಿನವರಿಗೆ ನಾಲ್ಕು ಕುರ್ಚಿ. ದಿನ ಗೊತ್ತುಮಾಡುವಾಗ ಎಳ್ಳ ಅಮಾವಾಸ್ಯೆ ಯಾವತ್ತು ಬರುತ್ತದೆಂದು ಕ್ಯಾಲೆಂಡರ್ ನೋಡಲೇಬೇಕು. ಅವತ್ತು ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಹೋಗುವವರನ್ನು ಕಥೆ ಕೇಳಲು ಬನ್ನಿ ಎಂದು ಕರೆದರೆ ಬರುವವರು ನಾವು ಪರದೇಶದವರೇ.

ಹೊತ್ತಿನ ಲೆಕ್ಕ ಹೀಗಿದೆ. ಬೆಳಿಗ್ಗೆ ಹತ್ತರಿಂದ ಒಂದು, ಅಂದರೆ ನೂರೆಂಬತ್ತು ನಿಮಿಷ. ಪರಿಚಯಕ್ಕೆ ಹತ್ತು, ಚಾಕ್ಕೆ ಇಪ್ಪತ್ತು ತೆಗೆದರೆ ಉಳಿಯುವುದು ನೂರೈವತ್ತು. ಒಂದು ಬರಹಕ್ಕೆ ಮೂವತ್ತು ನಿಮಿಷದಂತೆ ಐದು ಬರಹ ಮಾತ್ರ. ಆರನೆಯದನ್ನು ತುರುಕಿದರೆ ಐದೂ ಕೆಡುತ್ತವೆ. ಗಟ್ಟಿಯಾಗಿ, ಅವಸರವಿಲ್ಲದೆ ಓದಿದರೆ ನಿಮಿಷಕ್ಕೆ ಸುಮಾರು ನೂರು ಪದ ಸಾಗುತ್ತದೆ. ಹಾಗಾಗಿ ಕಥೆ ಸಾವಿರ ಪದ ಮೀರಬಾರದು. ಕಥೆ ದೊಡ್ಡದಿದ್ದರೆ ಅದರಲ್ಲಿ ನಿಮಗೇ ಗುಮಾನಿ ಇರುವ ಭಾಗವನ್ನು ಕಳಿಸಿ. ಚೆನ್ನಾಗಿ ಬಂದಿದೆ ಎಂದು ಖಾತ್ರಿಯಿರುವ ಭಾಗ ಕಳಿಸಿದರೆ ಹೊಗಳಿಕೆ ಸಿಗುತ್ತದೆ, ಕೆಲಸ ಆಗುವುದಿಲ್ಲ. ಕವಿತೆಯಾದರೆ ಎರಡು, ಒಂದೊಂದು ಇಪ್ಪತ್ತನಾಲ್ಕು ಸಾಲಿನ ಒಳಗೆ. ಕವಿತೆಯನ್ನು ಎರಡು ಸಲ ಓದಬೇಕಾಗುತ್ತದೆ, ಒಮ್ಮೆ ಕಿವಿಗೆ, ಒಮ್ಮೆ ಕಣ್ಣಿಗೆ.

ಬರಹ ಬೈಠಕ್‌ಗೆ ಹತ್ತು ದಿನ ಮೊದಲು ಬರಬೇಕು, ಯುನಿಕೋಡ್‌ನಲ್ಲಿಯೇ ಬರಬೇಕು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಕಳಿಸುತ್ತೇವೆ ಎನ್ನುವವರು, ಹಾಕಿದ ಮೇಲೆ ಒಂದು ಸಲ ಓದಿ ಕಳಿಸಿ. ನಡುವೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿರುತ್ತವೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕ ಒತ್ತು ಬಂದು ‘ರಾಜ್ಕುಮಾರ್’ ಆಗಿರುತ್ತದೆ. ಪಿಡಿಎಫ್ ಬೇಡ, ತಿದ್ದಲು ಬರುವ ಕಡತ ಬೇಕು. ಹನ್ನೆರಡು ಪಾಯಿಂಟ್, ಒಂದೂವರೆ ಸಾಲಿನ ಅಂತರ, ಬದಿಯಲ್ಲಿ ಸಾಲಿನ ಸಂಖ್ಯೆ. ಈ ಸಾಲಿನ ಸಂಖ್ಯೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆಮೇಲೆ ‘ಆ ಮುದುಕಿ ಬಾಗಿಲಿಗೆ ಬರ್ತಾಳಲ್ಲ, ಅದರ ಕೆಳಗ’ ಎಂದು ಹುಡುಕುವುದರಲ್ಲೇ ಐದು ನಿಮಿಷ ಹೋಗುತ್ತದೆ. ಒಂದು ಬರಹಕ್ಕೆ ಐದು ಪುಟ, ಐದು ಬರಹ, ಹನ್ನೆರಡು ಪ್ರತಿ: ಒಟ್ಟು ಮುನ್ನೂರು ಪುಟದ ಝೆರಾಕ್ಸ್. ಬೈಠಕ್ ಭಾನುವಾರ, ಅಂಗಡಿ ಬಾಗಿಲು ಹಾಕಿರುತ್ತದೆ. ಶನಿವಾರ ಮಧ್ಯಾಹ್ನದೊಳಗೆ ಮಾಡಿಸಿಡುವ ಹೊಣೆಯನ್ನು ಒಬ್ಬರಿಗೇ ವಹಿಸಿದ್ದೇವೆ. ಇಬ್ಬರಿಗೆ ವಹಿಸಿದರೆ ಇಬ್ಬರೂ ಮಾಡಿಸುವುದಿಲ್ಲ.

ಬರೆದವರು ತಮ್ಮದನ್ನು ತಾವೇ ಓದುವಂತಿಲ್ಲ, ಇನ್ನೊಬ್ಬರು ಓದುತ್ತಾರೆ. ಇದಕ್ಕೆ ಪ್ರತಿ ಸಲ ತಕರಾರು ಬರುತ್ತದೆ. ಕಾಗದದ ಮೇಲೆ ಇಲ್ಲದ್ದನ್ನು ಬರೆದವರ ದನಿ ತುಂಬಿಕೊಡುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು ಎಂದು ಅವರಿಗೆ ಗೊತ್ತು. ಪತ್ರಿಕೆಯಲ್ಲಿ ಓದುವವರ ಪಕ್ಕ ಅವರು ಕೂತಿರುವುದಿಲ್ಲ. ಹೊಸಬರು ಓದುವಾಗ ಎಲ್ಲಿ ತಡವರಿಸಿದರು, ಯಾವ ವಾಕ್ಯವನ್ನು ಹಿಂದೆ ಹೋಗಿ ಮತ್ತೆ ಓದಿದರು ಎಂಬುದನ್ನು ಬರೆದವರು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡರೆ ಅರ್ಧ ತಿದ್ದುಪಡಿ ಅಲ್ಲಿಯೇ ಮುಗಿಯಿತು.

ಮಾತಾಡುವ ಪಾಳಿ ಚಿಕ್ಕವರಿಂದ ಶುರುವಾಗಿ ಹಿರಿಯರಲ್ಲಿ ಮುಗಿಯುತ್ತದೆ. ಹಿರಿಯರು ಮೊದಲು ಮಾತಾಡಿದರೆ ಉಳಿದ ಹನ್ನೊಂದು ಜನರಿಂದ ಬರುವುದು ಒಂದೇ ಮಾತು: ‘ಸರ್ ಹೇಳಿದ ಮ್ಯಾಲೆ ಇನ್ನೇನೈತ್ರಿ.’ ಗೌರವ ಇರಲಿ, ಆದರೆ ಆ ಗೌರವದಿಂದ ಬೈಠಕ್ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ‘ಭಾಳ ಛಲೋ ಆಗೇದ’ ಎಂಬುದನ್ನು ಅಭಿಪ್ರಾಯವೆಂದು ಎಣಿಸುವುದಿಲ್ಲ. ಪ್ರತಿಯೊಬ್ಬರೂ ಎರಡು ಸಾಲು ತೋರಿಸಬೇಕು: ನಂಬಿಕೆ ಬಂದ ಸಾಲು, ಮನಸ್ಸು ಜಾರಿದ ಸಾಲು. ಅಲ್ಪಪ್ರಾಣ-ಮಹಾಪ್ರಾಣದ ತಪ್ಪುಗಳನ್ನು ಬಾಯಲ್ಲಿ ಹೇಳುವುದು ಬೇಡ, ಪ್ರತಿಯಲ್ಲೇ ತಿದ್ದಿ ಕೊಟ್ಟುಬಿಡಿ. ಎಲ್ಲ ಮುಗಿಯುವ ತನಕ ಬರೆದವರು ಸುಮ್ಮನಿರಬೇಕು. ‘ನಾನು ಹೇಳಬೇಕು ಅಂದುಕೊಂಡಿದ್ದು ಏನಂದರೆ’ ಎಂದು ಶುರುಮಾಡಿದರೆ, ಅದು ಬರಹದಲ್ಲಿ ಬಂದಿಲ್ಲ ಎಂದು ತಾವೇ ಒಪ್ಪಿಕೊಂಡಂತಾಯಿತು. ಕೊನೆಯ ಎರಡು ನಿಮಿಷ ಅವರದು, ಅದರಲ್ಲಿ ಪ್ರಶ್ನೆ ಕೇಳಬಹುದು.

ಧಾರವಾಡದ ಬೈಠಕ್‌ನಲ್ಲಿ ಹೆಚ್ಚು ಹೊತ್ತು ಆಡುಮಾತಿನ ಮೇಲೆ ಹೋಗುತ್ತದೆ, ಹೋಗಬೇಕು ಕೂಡ. ಹೊರಗಿರುವ ನಮ್ಮವರ ಕಥೆಗಳಲ್ಲಿ ಎಡವಟ್ಟು ಆಗುವುದು ಅಲ್ಲಿಯೇ. ಒಂದು ಮಾದರಿ ಕಟ್ಟಿ ತೋರಿಸುತ್ತೇವೆ. ಹಳ್ಳಿಯ ಅಜ್ಜಿಯೊಬ್ಬಳು ಮೊದಲ ಪುಟದಲ್ಲಿ ಹೇಳುತ್ತಾಳೆ: ‘ಮಳಿ ಬರೂ ಹಂಗ ಐತಿ, ಕೊಡಿ ತೊಗೊಂಡು ಹೋಗೋ ತಮ್ಮಾ.’ ಎರಡನೆಯ ಪುಟದಲ್ಲಿ ಅದೇ ಅಜ್ಜಿ: ‘ಭಾಳ ಹೊತ್ತಾಗ್ಯದ, ಇನ್ನೂ ಏನ್ ಮಾಡ್ಲಿಕ್ಹತ್ತಾನ?’ ಬೆಂಗಳೂರಿನವರಿಗೆ ಎರಡೂ ‘ಧಾರವಾಡ ಕನ್ನಡ’ವೇ. ಊರಿನವರ ಕಿವಿಗೆ ಇಬ್ಬರು ಬೇರೆ ಬೇರೆ ಹೆಂಗಸರು ಮಾತಾಡಿದಂತೆ. ‘ಐತಿ’ ಅನ್ನುವ ಬಾಯಿ ‘ಹೊತ್ತಾಗೈತಿ’ ಅನ್ನುತ್ತದೆ, ‘ಮಾಡಾಕತ್ತಾನ’ ಅನ್ನುತ್ತದೆ. ‘ಅದ’, ‘ಆಗ್ಯದ’, ‘ಮಾಡ್ಲಿಕ್ಹತ್ತಾನ’ ಇನ್ನೊಂದು ಮನೆಯ ಮಾತು. ಯಾವ ಮನೆ, ಯಾವ ಓಣಿ, ಎಷ್ಟು ಓದಿದವಳು ಎಂಬುದು ಈ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಆದ್ದರಿಂದ ಕಥೆ ಕಳಿಸುವವರು ಪ್ರತಿ ಪಾತ್ರಕ್ಕೂ ಒಂದು ಚೀಟಿ ಮಾಡಿ ಜೊತೆಗಿಡಿ: ‘ಇದೆ’ಗೆ ಏನು, ‘ಮಾಡುತ್ತಿದ್ದಾನೆ’ಗೆ ಏನು, ‘ಬೇಕು’ಗೆ ಏನು, ಹಿರಿಯರಿಗೆ ‘ರೀ’ ಹಚ್ಚುತ್ತಾನೋ ಇಲ್ಲವೋ. ಈ ನಾಲ್ಕು ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ. ಬರೆಯುವ ರೀತಿಯೂ ಒಂದೇ ಇರಲಿ. ‘ಮ್ಯಾಲೆ’, ‘ಮ್ಯಾಲ’, ‘ಮ್ಯಾಗ’ ಮೂರೂ ಒಬ್ಬನ ಬಾಯಲ್ಲಿ ಬೇಡ. ಇದನ್ನು ಫೋನಿನಲ್ಲಿ ಅಕ್ಕನನ್ನೋ ಸೋದರಮಾವನನ್ನೋ ಕೇಳಿ ಬರೆದುಕೊಳ್ಳಬೇಡಿ. ಕೇಳಿದ ತಕ್ಷಣ ಅವರು ಶಾಲೆಯ ಕನ್ನಡ ಮಾತಾಡಲು ಶುರುಮಾಡುತ್ತಾರೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್. ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ ಬಿಟ್ಟು ಸಾದಾ ಬಸ್ ಹತ್ತಿ, ಕಿವಿ ತೆರೆದು ಕೂತರೆ ಸಾಕು.

ಹಾಗೆಯೇ ಒಂದು ವಿನಂತಿ: ಪೇಡೆ, ಜಿಟಿಜಿಟಿ ಮಳೆ, ಸಾಧನಕೇರಿ ಮೂರೂ ಮೊದಲ ಪುಟದಲ್ಲೇ ಬರುವ ಬರಹಗಳು ಈಗಾಗಲೇ ಸಾಕಷ್ಟಿವೆ.

ಗದಗಿನ ಬೈಠಕ್ ಪುಸ್ತಕ ಹೊರತರುವವರಿಗೆ. ಹುಬ್ಬಳ್ಳಿಯಿಂದ ಸುಮಾರು ಅರವತ್ತು ಕಿಲೋಮೀಟರ್, ರೈಲೂ ಇದೆ, ಬಸ್ಸೂ ಇದೆ. ಕುಮಾರವ್ಯಾಸನ ಊರು. ವೀರನಾರಾಯಣನ ಗುಡಿಯಲ್ಲಿ ಅವನು ಒರಗಿ ಕೂತು ಬರೆದನೆನ್ನುವ ಕಂಬ ನೋಡುವವರು ಬೆಳಿಗ್ಗೆ ಬೇಗ ಹೋಗಿಬನ್ನಿ, ಹತ್ತಕ್ಕೆ ಲೆಕ್ಕ ಶುರು. ಡೆಮಿ 1/8 ಗಾತ್ರದ ಪುಸ್ತಕ ಹದಿನಾರು ಪುಟದ ಫಾರ್ಮ್‌ಗಳಲ್ಲಿ ಅಚ್ಚಾಗುತ್ತದೆ. ಪುಟಕ್ಕೆ ಇನ್ನೂರ ಹತ್ತು ಪದದಂತೆ ಮೂವತ್ತು ಸಾವಿರ ಪದದ ಕಥಾಸಂಕಲನಕ್ಕೆ ನೂರ ನಲವತ್ಮೂರು ಪುಟ. ಒಂಬತ್ತು ಫಾರ್ಮ್ ಅಂದರೆ ನೂರ ನಲವತ್ನಾಲ್ಕು. ಕೂಡಿತು ಅಂದುಕೊಳ್ಳುವಷ್ಟರಲ್ಲಿ ಶೀರ್ಷಿಕೆ, ಪರಿವಿಡಿ, ಅರ್ಪಣೆ, ಇಬ್ಬರ ಮುನ್ನುಡಿ, ನಿಮ್ಮ ಎರಡು ಮಾತು ಸೇರಿ ಇನ್ನೂ ಹತ್ತು ಪುಟ ಬೆಳೆಯುತ್ತದೆ. ಹತ್ತನೆಯ ಫಾರ್ಮ್ ಬೇಕು, ಏಳು ಪುಟ ಖಾಲಿ. ಇಲ್ಲವೇ ಒಂದು ಕಥೆ ಬಿಡಬೇಕು. ನಮ್ಮ ಸಲಹೆ, ಸಂಕಲನದ ಅತ್ಯಂತ ಸಡಿಲವಾದ ಕಥೆಯನ್ನೇ ಬಿಡಿ. ಯಾವುದೆಂದು ಬರೆದವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ.

ನೂರು-ಇನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ ಸರಿ. ಐನೂರರ ಮೇಲಾದರೆ ಆಫ್‌ಸೆಟ್, ಏಕೆಂದರೆ ಪ್ಲೇಟಿನ ಖರ್ಚು ಐವತ್ತು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಯುನಿಕೋಡ್‌ನಲ್ಲಿ ಕೊಟ್ಟರೂ ಪುಟ ಕಟ್ಟುವವರು ಪೇಜ್‌ಮೇಕರ್ ಬಳಸುತ್ತಿದ್ದರೆ ಅದನ್ನು ಮತ್ತೆ ನುಡಿಗೆ ತಿರುಗಿಸುತ್ತಾರೆ, ಆ ತಂತ್ರಾಂಶಕ್ಕೆ ಕನ್ನಡ ಯುನಿಕೋಡ್ ತಿಳಿಯದು. ಆದ್ದರಿಂದ ನೀವು ಎಷ್ಟೇ ತಿದ್ದಿ ಕೊಟ್ಟಿದ್ದರೂ, ಪುಟ ಕಟ್ಟಿದ ಮೇಲಿನ ಕರಡನ್ನೇ ಅಕ್ಷರ ಅಕ್ಷರ ನೋಡಬೇಕು. ಕೊನೆಯ ಕಥೆಯಿಂದ ಹಿಂದಕ್ಕೆ ನೋಡುತ್ತ ಬನ್ನಿ. ಮೊದಲಿನಿಂದ ಓದಿದರೆ ನಾಲ್ಕನೆಯ ಕಥೆಗೆ ಕಣ್ಣು ಸೋತಿರುತ್ತದೆ, ತಪ್ಪೆಲ್ಲ ಕೊನೆಯಲ್ಲಿ ಉಳಿಯುತ್ತದೆ. ಐಎಸ್‌ಬಿಎನ್‌ಗೆ ಭಾರತದಲ್ಲಿ ಶುಲ್ಕವಿಲ್ಲ, ಅರ್ಜಿ ಆನ್‌ಲೈನ್. ‘ಮಾಡಿಸಿಕೊಡುತ್ತೇವೆ’ ಎಂದು ಹಣ ಕೇಳಿದರೆ ಕೊಡಬೇಡಿ. ಇನ್ನು, ನೂರ ನಲವತ್ನಾಲ್ಕು ಪುಟದ ಪುಸ್ತಕ ನೂರೆಪ್ಪತ್ತು-ನೂರೆಂಬತ್ತು ಗ್ರಾಂ ತೂಗುತ್ತದೆ. ವಿಮಾನದ ಇಪ್ಪತ್ಮೂರು ಕಿಲೋ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯದೇ ತೂಕ ಕಳೆದರೆ, ನೂರಹತ್ತರ ಆಚೆ ಹಿಡಿಸುವುದಿಲ್ಲ, ಅದೂ ರೊಟ್ಟಿ-ಚಟ್ನಿಪುಡಿ ಬಿಟ್ಟು ಬರುವುದಾದರೆ.

ಜನವರಿಯಿಂದ ತಿಂಗಳಿಗೊಂದು ಸಲ ಆನ್‌ಲೈನ್ ಬೈಠಕ್, ಎರಡನೆಯ ಭಾನುವಾರ. ಹೊತ್ತು ಭಾರತದ ಸಂಜೆ ಏಳು ಎಂದೇ ನಿಗದಿ, ಅಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಚಳಿಗಾಲದಲ್ಲಿ ಲಂಡನ್‌ನವರಿಗೆ ಮಧ್ಯಾಹ್ನ ಒಂದೂವರೆ, ಫ್ರಾಂಕ್‌ಫರ್ಟ್‌ಗೆ ಎರಡೂವರೆ, ನ್ಯೂಯಾರ್ಕ್‌ಗೆ ಬೆಳಿಗ್ಗೆ ಎಂಟೂವರೆ. ಬೇಸಿಗೆಯಲ್ಲಿ ಎಲ್ಲರಿಗೂ ಒಂದು ತಾಸು ತಡ. ಎಚ್ಚರ ಬೇಕಾದದ್ದು ಮಾರ್ಚ್‌ನಲ್ಲಿ. ಅಮೆರಿಕದ ಗಡಿಯಾರ ಎರಡನೆಯ ಭಾನುವಾರವೇ ಬದಲಾಗುತ್ತದೆ, ಯುರೋಪಿನದು ಕೊನೆಯ ಭಾನುವಾರ. ಅವತ್ತಿನ ಬೈಠಕ್‌ಗೆ ಅಮೆರಿಕದವರು ಒಂಬತ್ತೂವರೆಗೆ ಬನ್ನಿ. ಬರಹಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಲ್ಲಿಂದ ಅವು ಯಾರ ಹೆಸರಿನಲ್ಲಿ ಎಲ್ಲಿಗೆ ಹೋಗುತ್ತವೋ ಹೇಳಲಾಗದು, ಪತ್ರಿಕೆಗಳು ಕೇಳುವುದು ಎಲ್ಲೂ ಪ್ರಕಟವಾಗದ ಬರಹವನ್ನು.

ಹಾವೇರಿಯ ಬೈಠಕ್ ಕೋಣೆಯಲ್ಲಿ ಶುರುವಾಗುವುದಿಲ್ಲ. ಅಂದು ಬೆಳಿಗ್ಗೆ ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದೂವರೆ ತಾಸು ನಿಂತು ನೋಡಿ, ಆಮೇಲೆ ಬಂದು ಬರೆಯುವುದು. ಹಾಗಾಗಿ ಇದೊಂದು ಮಾತ್ರ ಭಾನುವಾರ ಇರುವುದಿಲ್ಲ, ಟೆಂಡರ್ ನಡೆಯುವ ದಿನ ನೋಡಿ ಇಡುತ್ತೇವೆ. ಮೆಣಸಿನಕಾಯಿಯೇ ಏಕೆಂದರೆ, ‘ಕೆಂಪನೆಯ ರಾಶಿ’ ಎಂದು ಬರೆದು ಮುಗಿಸುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಕಡ್ಡಿ ಬೇರೆ, ಡಬ್ಬಿ ಬೇರೆ: ಒಂದು ಉದ್ದಕ್ಕೆ, ತೆಳ್ಳಗೆ, ಸುಕ್ಕುಸುಕ್ಕು, ಇನ್ನೊಂದು ಗಿಡ್ಡ, ದುಂಡು. ಬ್ಯಾಡಗಿಯದು ಬಣ್ಣಕ್ಕೆ ಹೆಸರಾದ ಕಾಯಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಇದಕ್ಕೇ. ಹಿಡಿಯಲ್ಲಿ ಅಮುಕಿ ಬಿಟ್ಟರೆ ಹಸಿಯಿದ್ದದ್ದು ಹಾಗೇ ಮೆತ್ತಗಿರುತ್ತದೆ, ಒಣಗಿದ್ದು ಚರಚರ ಅನ್ನುತ್ತದೆ. ಕಣ್ಣಿಗಿಂತ ಮೊದಲು ಮೂಗಿಗೆ ಬರುವ ವಸ್ತುವನ್ನು ಕಣ್ಣಿನ ಭಾಷೆಯಲ್ಲಿ ಬರೆಯಲು ಹೋದಾಗ ಪ್ರಬಂಧ ಎಲ್ಲಿ ಸೊರಗುತ್ತದೆ ಎಂದು ಅವತ್ತು ಕೂತು ನೋಡೋಣ. ಹಮಾಲರ ದಾರಿಗೆ ಅಡ್ಡ ನಿಲ್ಲಬೇಡಿ. ಫೋಟೊ ಬೇಡ, ಫೋಟೊ ತೆಗೆದವರು ನೋಡುವುದನ್ನು ಬಿಟ್ಟುಬಿಡುತ್ತಾರೆ. ಕಿಸೆಯಲ್ಲಿ ಹಿಡಿಸುವ ನೋಟ್‌ಬುಕ್, ಪೆನ್ಸಿಲ್ ಸಾಕು. ಅಸ್ತಮಾ ಇರುವವರು ಮಾರುಕಟ್ಟೆಗೆ ಬರದೆ ನೇರ ಹಾವೇರಿಗೆ ಬನ್ನಿ. ಉಳಿದವರು ದೊಡ್ಡ ಕರವಸ್ತ್ರ ತನ್ನಿ, ಕಾಂಟ್ಯಾಕ್ಟ್ ಲೆನ್ಸ್ ಮನೆಯಲ್ಲಿಟ್ಟು ಕನ್ನಡಕ ಹಾಕಿಕೊಳ್ಳಿ, ಕೈ ತೊಳೆಯುವ ತನಕ ಕಣ್ಣು ಮುಟ್ಟಬೇಡಿ.